‘ಪ’ ಅಂದರೆ ಪೆನ್ನಲ್ಲ

ನಾನು ಗಣಿತ ಪಾಠ ಮಾಡಲು ಶುರುಮಾಡಿ 14 ವರ್ಷ ಆಯಿತು. ಬೀಜಗಣಿತವನ್ನು ಮೊದಲ ಸಲ ನೋಡುವ ಮಕ್ಕಳೇ ನನ್ನ ಪಾಲಿಗೆ ಜಾಸ್ತಿ. ಅದರಲ್ಲಿ ಮೊದಲ ಆರೇಳು ವರ್ಷ ನಾನು ಈ ಪಾಠವನ್ನು ತಪ್ಪಾಗಿ ಶುರುಮಾಡುತ್ತಿದ್ದೆ. ಲೆಕ್ಕ ತಪ್ಪು ಹೇಳಿಕೊಡುತ್ತಿರಲಿಲ್ಲ. ಪದಗಳನ್ನು ಮಕ್ಕಳ ಕೈಗೆ ಕೊಡುವ ರೀತಿ ತಪ್ಪಾಗಿತ್ತು.

ಮೊದಲ ದಿನವೇ ಬೋರ್ಡಿನ ಮೇಲೆ ಚರಾಕ್ಷರ, ಸ್ಥಿರಾಂಕ, ಪದ, ಸಹಗುಣಕ, ಬೀಜೋಕ್ತಿ, ಸಮೀಕರಣ ಎಂದು ಸಾಲಾಗಿ ಬರೆಯುತ್ತಿದ್ದೆ. ಪ್ರತಿಯೊಂದಕ್ಕೂ ಒಂದೊಂದು ಸಾಲಿನ ಅರ್ಥ. ಮಕ್ಕಳು ಬಾಯಿಪಾಠ ಮಾಡಿ ಮರುದಿನ ಒಪ್ಪಿಸುತ್ತಿದ್ದರು. ಆಮೇಲೆ, ಸುಲಭವಾಗಲಿ ಎಂದು ಒಂದು ಉಪಾಯ ಮಾಡುತ್ತಿದ್ದೆ. 3ಪ ಅಂದರೆ 3 ಪೆನ್ನು, 2ಪ ಅಂದರೆ 2 ಪೆನ್ನು, ಎರಡೂ ಸೇರಿದರೆ 5 ಪೆನ್ನು, ಅಂದರೆ 5ಪ. ಇನ್ನು 3ಪ + 2ನ ಅಂದರೆ 3 ಪೆನ್ನು ಮತ್ತು 2 ನೋಟ್‌ಬುಕ್. ಪೆನ್ನನ್ನೂ ನೋಟ್‌ಬುಕ್ಕನ್ನೂ ಕೂಡಿಸಲು ಆಗುತ್ತಾ? ಆಗಲ್ಲ ಟೀಚರ್. ಸರಿ, ಹಾಗಾಗಿ ಅದು ಹಾಗೇ ಇರಲಿ. ಇಡೀ ತರಗತಿಗೆ ಅರ್ಥವಾದಂತೆ ಕಾಣುತ್ತಿತ್ತು. ನನಗೂ ಸಮಾಧಾನ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕಗಳಲ್ಲಿ ಎಕ್ಸ್, ವೈ ಇರುತ್ತವೆ. ನಾನು ಮೊದಲ ಎರಡು ವಾರ ಕ, ಚ, ಮ ಹೀಗೆ ನಮ್ಮ ಅಕ್ಷರಗಳಲ್ಲೇ ಬರೆಯುತ್ತೇನೆ. ಇಲ್ಲೂ ಹಾಗೇ ಬರೆದಿದ್ದೇನೆ.)

ಪೆನ್ನಿನ ಉಪಾಯ ಮುರಿದದ್ದು ಗುಣಾಕಾರದ ದಿನ. ಪ × ಪ ಎಂದು ಬರೆದೆ. ಒಬ್ಬ ಹುಡುಗ ಕೇಳಿದ, ಪೆನ್ನನ್ನು ಪೆನ್ನಿನಿಂದ ಗುಣಿಸಿದರೆ ಏನು ಬರುತ್ತದೆ? ನಿಜವಾಗಿಯೂ ತಿಳಿಯದೆ ಕೇಳಿದ್ದ. ನಾನು ಹೇಳಿಕೊಟ್ಟದ್ದನ್ನೇ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಿದ್ದ, ಅಷ್ಟೇ. ಅವತ್ತು ಏನೋ ಹೇಳಿ ಮುಂದೆ ಹೋದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅದರ ನಂತರದ ವಾರ ಒಂದು ಲೆಕ್ಕ ಕೊಟ್ಟೆ. ಒಬ್ಬೊಬ್ಬ ಶಿಕ್ಷಕರಿಗೆ 20 ಮಕ್ಕಳಂತೆ ಇದ್ದಾರೆ. ಮಕ್ಕಳ ಸಂಖ್ಯೆ ಮ, ಶಿಕ್ಷಕರ ಸಂಖ್ಯೆ ಶ. ಇದನ್ನು ಸಮೀಕರಣವಾಗಿ ಬರೆಯಿರಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 20ಮ = ಶ ಎಂದು ಬರೆದಿದ್ದರು. ಓದಿ ಹೇಳು ಎಂದರೆ, ‘20 ಮಕ್ಕಳಿಗೆ ಒಬ್ಬ ಶಿಕ್ಷಕರು’ ಎನ್ನುತ್ತಿದ್ದರು. ಅವರ ಮಟ್ಟಿಗೆ ಮ ಅಂದರೆ ಮಕ್ಕಳು. ಪ ಅಂದರೆ ಪೆನ್ನು ಇದ್ದ ಹಾಗೆ. ನಾನೇ ಕಲಿಸಿದ್ದು ಅಲ್ವಾ?

ಶ ಜಾಗದಲ್ಲಿ 2 ಇಟ್ಟು ನೋಡಿ ಎಂದೆ. ಇಬ್ಬರು ಶಿಕ್ಷಕರಿದ್ದರೆ ಮಕ್ಕಳು ಎಷ್ಟು? ಎಲ್ಲರೂ 40 ಎಂದರು. ಈಗ ನಿಮ್ಮ ಸಮೀಕರಣದಲ್ಲಿ ಮ ಜಾಗಕ್ಕೆ 40 ಹಾಕಿ. 20 × 40, ಅಂದರೆ 800. ಅದು 2ಕ್ಕೆ ಸಮ ಎಂದು ನೀವು ಬರೆದಿದ್ದೀರಿ. ತರಗತಿ ಸುಮ್ಮನಾಯಿತು. ಸರಿಯಾದದ್ದು ಮ = 20ಶ. ಶಿಕ್ಷಕರ ಸಂಖ್ಯೆಯನ್ನು 20ರಿಂದ ಗುಣಿಸಿದರೆ ಮಕ್ಕಳ ಸಂಖ್ಯೆ ಸಿಗುತ್ತದೆ.

ಅಂದಿನಿಂದ ಒಂದು ಪಟ್ಟು ಹಿಡಿದಿದ್ದೇನೆ. ಅಕ್ಷರ ಯಾವತ್ತೂ ವಸ್ತುವಿನ ಹೆಸರಲ್ಲ. ಅದು ಒಂದು ಸಂಖ್ಯೆಯ ಜಾಗದಲ್ಲಿ ನಿಂತಿದೆ. ‘ಪ ಅಂದರೆ ಪೆನ್ನು’ ಎಂದು ಯಾರಾದರೂ ಹೇಳಿದರೆ ಪಾಠ ಅಲ್ಲೇ ನಿಲ್ಲುತ್ತದೆ. ‘ಪೆನ್ನುಗಳ ಸಂಖ್ಯೆ’ ಎಂದು ಅವರ ಬಾಯಿಂದಲೇ ಬರಬೇಕು. 3ಪ + 2ಪ ಯಾಕೆ 5ಪ ಎನ್ನುವುದಕ್ಕೂ ಪೆನ್ನು ಬೇಕಾಗಿಲ್ಲ. ಯಾವುದೋ ಒಂದು ಸಂಖ್ಯೆಯನ್ನು ಮೂರು ಸಲ ಕೂಡಿಸಿದೆವು. ಅದೇ ಸಂಖ್ಯೆಯನ್ನು ಮತ್ತೆ ಎರಡು ಸಲ ಕೂಡಿಸಿದೆವು. ಒಟ್ಟು ಐದು ಸಲ. ಸಂಖ್ಯೆ ಯಾವುದೇ ಆಗಿರಲಿ, ಇದು ನಡೆಯುತ್ತದೆ.

ಈ ಗೊಂದಲಕ್ಕೆ ‘ಚರಾಕ್ಷರ’ ಎಂಬ ಹೆಸರಿನದೂ ಸ್ವಲ್ಪ ಪಾಲಿದೆ ಎಂದು ನನಗನಿಸುತ್ತದೆ. ಮಕ್ಕಳ ಕಿವಿಗೆ ಬೀಳುವುದು ‘ಅಕ್ಷರ’. ಬದಲಾಗುವುದು ಅಕ್ಷರವಲ್ಲ, ಅದರ ಬೆಲೆ. ಜೊತೆಗೆ ಎಲ್ಲ ಕಡೆ ಅದು ಬದಲಾಗುತ್ತದೆಯೇ ಎಂದರೆ, ಅದೂ ಇಲ್ಲ. ಕ + 3 = 10 ಎಂದಾಗ ಕ ಎಲ್ಲಿಗೂ ಚಲಿಸುತ್ತಿಲ್ಲ. ಅದು 7, ನಮಗೆ ಇನ್ನೂ ಗೊತ್ತಿಲ್ಲ ಅಷ್ಟೇ. ಮ = 20ಶ ಎಂದಾಗ ಶ ನಿಜವಾಗಿ ಬದಲಾಗಬಹುದು, ಅದರ ಜೊತೆ ಮ ಕೂಡ ಬದಲಾಗುತ್ತದೆ. 2(ಕ + 3) = 2ಕ + 6 ಎಂದಾಗ ಕ ಯಾವ ಸಂಖ್ಯೆಯಾದರೂ ನಡೆಯುತ್ತದೆ. ಒಂದೇ ಅಕ್ಷರಕ್ಕೆ ಮೂರು ಕೆಲಸ. ನಾವು ದೊಡ್ಡವರು ಒಂದರಿಂದ ಇನ್ನೊಂದಕ್ಕೆ ಗೊತ್ತಿಲ್ಲದೇ ಜಾರುತ್ತೇವೆ. ಮಕ್ಕಳಿಗೆ ಅದನ್ನು ಹೇಳುವುದೇ ಇಲ್ಲ.

ಹಳಬರ ಬರಹ ಇಲ್ಲಿ ನನಗೆ ತುಂಬ ಸಹಾಯ ಮಾಡಿದೆ. 628ರಲ್ಲಿ ಬ್ರಹ್ಮಗುಪ್ತ ಗೊತ್ತಿಲ್ಲದ ಸಂಖ್ಯೆಗಳ ಲೆಕ್ಕಕ್ಕೆ ನಿಯಮಗಳನ್ನು ಬರೆದ. ಗೊತ್ತಿಲ್ಲದ ಸಂಖ್ಯೆ ಅವ್ಯಕ್ತ, ಅಂದರೆ ಇನ್ನೂ ಕಾಣಿಸಿಕೊಳ್ಳದ್ದು. ಭಾಸ್ಕರಾಚಾರ್ಯನ ಕಾಲಕ್ಕೆ, 1150ರ ಹೊತ್ತಿಗೆ, ಮೊದಲ ಅವ್ಯಕ್ತಕ್ಕೆ ‘ಯಾವತ್ತಾವತ್’ ಎಂದು ಹೆಸರು. ಎಷ್ಟೋ ಅಷ್ಟು ಎಂದು ಅರ್ಥ. ಎರಡನೆಯದು ಬೇಕಾದರೆ ಬಣ್ಣದ ಹೆಸರು: ಕಾಲಕ ಅಂದರೆ ಕಪ್ಪು, ನೀಲಕ ಅಂದರೆ ನೀಲಿ. ಬರೆಯುವಾಗ ಯಾ, ಕಾ, ನೀ ಎಂದು ಮೊದಲ ಅಕ್ಷರ ಮಾತ್ರ. ಗೊತ್ತಿರುವ ಸಂಖ್ಯೆಗೆ ‘ರೂಪ’, ಅದಕ್ಕೆ ರೂ. ನಾವು 3ಕ + 5 ಎಂದು ಬರೆಯುವುದನ್ನು ಅವರು ‘ಯಾ 3 ರೂ 5’ ಎಂದು ಬರೆಯುತ್ತಿದ್ದರು. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಮಕ್ಕಳ ಮುಖ ನೋಡಬೇಕು. ಎಕ್ಸ್ ಎಂಬುದರಲ್ಲಿ ಯಾವ ಮಾಯೆಯೂ ಇಲ್ಲ ಎಂದು ಅವರಿಗೆ ಥಟ್ಟನೆ ಹೊಳೆಯುತ್ತದೆ. ಗೊತ್ತಿಲ್ಲದ್ದಕ್ಕೆ ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಅಕ್ಷರಗಳು, ಗೊತ್ತಿರುವುದಕ್ಕೆ ಮೊದಲ ಅಕ್ಷರಗಳು ಎಂಬ ಈಗಿನ ರೂಢಿ ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ 1637ರಲ್ಲಿ ಬಳಸಿದ್ದು. ಅದೊಂದು ರೂಢಿ, ಅಷ್ಟೇ. ಯಾ ಎಂದರೂ ನಡೆಯುತ್ತದೆ, ಕ ಎಂದರೂ ನಡೆಯುತ್ತದೆ.

ಇನ್ನು 3ಕ ಎಂಬ ಬರವಣಿಗೆಯೇ ಒಂದು ತೊಡಕು. ಕ = 4 ಆದರೆ 3ಕ ಎಷ್ಟು ಎಂದು ಕೇಳಿ. ಪ್ರತಿ ವರ್ಷ ಕೆಲವರಾದರೂ 34 ಎನ್ನುತ್ತಾರೆ. ಅವರನ್ನು ಗದರಿಸಬೇಡಿ. ಅಂಕಗಣಿತದಲ್ಲಿ 3ರ ಪಕ್ಕ 4 ನಿಂತರೆ ಮೂವತ್ನಾಲ್ಕೇ. ಅದೇ 3ರ ಪಕ್ಕ ಅರ್ಧ ನಿಂತರೆ ಮೂರೂವರೆ, ಅಂದರೆ ಕೂಡಿಸುವುದು. ಈಗ 3ರ ಪಕ್ಕ ಅಕ್ಷರ ನಿಂತರೆ ಮಾತ್ರ ಗುಣಿಸುವುದು. ಪಕ್ಕಪಕ್ಕ ನಿಲ್ಲುವುದಕ್ಕೆ ಮೂರು ಕಡೆ ಮೂರು ಅರ್ಥ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಮಗುವಿಗೆ ಹೇಗೆ ತಿಳಿಯಬೇಕು? ಅದಕ್ಕೆ ಮೊದಲ ವಾರ ನಾನು 3 × ಕ ಎಂದೇ ಬರೆಯುತ್ತೇನೆ. ಬರೆದು ಬರೆದು ಮಕ್ಕಳಿಗೇ ಬೇಸರ ಬಂದ ಮೇಲೆ, ಈ ಗುಣಾಕಾರದ ಚಿಹ್ನೆಯನ್ನು ಬಿಟ್ಟುಬಿಡೋಣವೇ ಎಂದು ಕೇಳುತ್ತೇನೆ.

ಸಹಗುಣಕ ಎಂಬ ಪದ ಆಗ ತಾನಾಗಿಯೇ ಬರುತ್ತದೆ. ಸಹ ಅಂದರೆ ಜೊತೆಗೆ. ಅಕ್ಷರದ ಜೊತೆಗಿದ್ದು ಅದನ್ನು ಗುಣಿಸುವ ಸಂಖ್ಯೆ. ಹೆಸರಲ್ಲೇ ಅರ್ಥ ಇದೆ. ಬರಿಯ ಕ ಇದ್ದರೆ ಅದರ ಸಹಗುಣಕ 1. ಬರೆದಿಲ್ಲ ಎಂದು ಮಕ್ಕಳು 0 ಎನ್ನುತ್ತಾರೆ. 0 ಆಗಿದ್ದರೆ ಆ ಪದವೇ ಇರುತ್ತಿರಲಿಲ್ಲ ಎಂದು ಒಮ್ಮೆ ತೋರಿಸಿದರೆ ಸಾಕು.

‘ಪದ’ ಎಂಬುದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಭಾಷೆಯ ಪಾಠದಲ್ಲಿ ಪದ ಅಂದರೆ ಒಂದು ಶಬ್ದ. ಗಣಿತದಲ್ಲಿ ಕೂಡಿಸುವ ಅಥವಾ ಕಳೆಯುವ ಚಿಹ್ನೆಗಳು ಬೇರೆ ಮಾಡುವ ಒಂದೊಂದು ತುಂಡು. 7 − 3ಕದಲ್ಲಿ ಎರಡು ಪದಗಳಿವೆ. ಎರಡನೆಯದು ಯಾವುದು? ಮಕ್ಕಳು 3ಕ ಎನ್ನುತ್ತಾರೆ. ಅಲ್ಲ, −3ಕ. ಚಿಹ್ನೆ ತನ್ನ ನಂತರ ಬರುವ ಪದಕ್ಕೆ ಅಂಟಿಕೊಂಡಿರುತ್ತದೆ. ಇದೊಂದನ್ನು ಗಟ್ಟಿಮಾಡದೆ ಮುಂದೆ ಹೋದರೆ ಪದಗಳ ಜಾಗ ಬದಲಿಸುವಾಗ ಮೈನಸ್ ಚಿಹ್ನೆ ಎಲ್ಲೋ ಕಳೆದುಹೋಗುತ್ತದೆ. ನಾನು ಮಕ್ಕಳಿಂದ ಪ್ರತಿ ಪದವನ್ನೂ ಅದರ ಚಿಹ್ನೆ ಸಮೇತ ಸುತ್ತು ಹಾಕಿಸುತ್ತೇನೆ. ಇನ್ನೊಂದು ಇಲ್ಲೇ ಹೇಳಬೇಕು. −ಕ ಕಂಡ ತಕ್ಷಣ ಅದು ಋಣ ಸಂಖ್ಯೆ ಎಂದುಕೊಳ್ಳುತ್ತಾರೆ. ಕದ ಬೆಲೆ −5 ಆಗಿದ್ದರೆ −ಕ ಅಂದರೆ 5. ಈ ಮಾತಿಗೆ ಮಕ್ಕಳು ತುಂಬ ಹೊತ್ತು ವಾದ ಮಾಡುತ್ತಾರೆ. ಮಾಡಲಿ.

ಏಕಪದೋಕ್ತಿ, ದ್ವಿಪದೋಕ್ತಿ, ತ್ರಿಪದೋಕ್ತಿ ಎಂಬ ಹೆಸರುಗಳಿಗೆ ನಾನು ಐದು ನಿಮಿಷ ಕೊಡುತ್ತೇನೆ. ಪದ ಎಣಿಸಲು ಬಂದರೆ ಹೆಸರು ಹೇಳಲು ಬರುತ್ತದೆ.

ಬೀಜೋಕ್ತಿ ಮತ್ತು ಸಮೀಕರಣ, ಇವೆರಡರ ನಡುವಿನ ವ್ಯತ್ಯಾಸ ಮಾತ್ರ ನನಗೆ ಒಬ್ಬ ಹುಡುಗಿ ಕಲಿಸಿದ್ದು.

ಒಂದು ಕಿರುಪರೀಕ್ಷೆಯಲ್ಲಿ 3ಕ + 5 ಅನ್ನು ಇನ್ನೂ ಸುಲಭ ಮಾಡಲು ಆಗುತ್ತದೆಯೇ ಎಂದು ಕೇಳಿದ್ದೆ. ಅವಳು 8ಕ ಎಂದು ಬರೆದಿದ್ದಳು. ನಾನು ತಪ್ಪು ಹಾಕಿದೆ. ಅವಳು ಪುಸ್ತಕ ಹಿಡಿದುಕೊಂಡು ಬಂದಳು. ‘ಟೀಚರ್, ಅನುಮಾನ ಬಂದರೆ ಒಂದು ಸಂಖ್ಯೆ ಹಾಕಿ ನೋಡಿ ಅಂತ ನೀವೇ ಹೇಳಿದ್ದಿರಿ. ನಾನು 1 ಹಾಕಿ ನೋಡಿದೆ. 3 ಮತ್ತು 5 ಸೇರಿ 8. ಇಲ್ಲೂ 8. ಸರಿಯಾಗಿ ಬಂತಲ್ಲ?’

ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಾನು ಒಂದು ಕ್ಷಣ ತಡವರಿಸಿದೆ. ಆಮೇಲೆ 2 ಹಾಕಿ ನೋಡು ಎಂದೆ. ಒಂದು ಕಡೆ 11, ಇನ್ನೊಂದು ಕಡೆ 16. 10 ಹಾಕಿದಳು. 35 ಮತ್ತು 80. ಅವಳು ಒಪ್ಪಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ‘ಹಾಗಾದರೆ 1ಕ್ಕೆ ಮಾತ್ರ ಯಾಕೆ ಸರಿ ಬಂತು?’ ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಹೇಳಲು ಹೋಗಿ ನಾನು ಮರುದಿನದ ಪಾಠವನ್ನೇ ಬದಲಿಸಿದೆ. 3ಕ + 5 ಒಂದು ಬೀಜೋಕ್ತಿ. ಉಕ್ತಿ ಅಂದರೆ ಹೇಳಿದ್ದು. ಆದರೆ ಅದು ಪೂರ್ತಿ ವಾಕ್ಯವಲ್ಲ. ‘ನನ್ನ ತಂಗಿಯ ಹೊಸ ಪುಸ್ತಕ’ ಎಂದು ಹೇಳಿ ನಿಲ್ಲಿಸಿದ ಹಾಗೆ. ಅದು ನಿಜವೋ ಸುಳ್ಳೋ ಎಂದು ಯಾರೂ ಕೇಳಲು ಆಗದು. 3ಕ + 5 = 8ಕ ಎಂದು ಬರೆದ ಕೂಡಲೇ ಅದು ವಾಕ್ಯವಾಯಿತು. ಈಗ ಕೇಳಬಹುದು, ಇದು ನಿಜವೇ? ಕ ಯಾವುದಾದರೆ ನಿಜ? ಎರಡೂ ಕಡೆಯಿಂದ 3ಕ ಕಳೆದರೆ 5 = 5ಕ. ಅಂದರೆ ಕ = 1. ಆ ಹುಡುಗಿ ತನಗೇ ತಿಳಿಯದೆ ಒಂದು ಸಮೀಕರಣಕ್ಕೆ ಪರಿಹಾರ ಕಂಡುಹಿಡಿದಿದ್ದಳು. ಅದೇ 3ಕ + 5ಕ = 8ಕ ಎಂದಿದ್ದರೆ ಯಾವ ಸಂಖ್ಯೆ ಹಾಕಿದರೂ ನಿಜ. ಅದಕ್ಕೆ ನಿತ್ಯಸಮೀಕರಣ ಎಂದು ಹೆಸರು. ನಿತ್ಯ, ಯಾವಾಗಲೂ. ಬೀಜೋಕ್ತಿಯನ್ನು ಸುಲಭ ಮಾಡುವುದು ಅಂದರೆ ಯಾವಾಗಲೂ ಸಮವಾಗಿರುವ ಇನ್ನೊಂದು ಬೀಜೋಕ್ತಿಯನ್ನು ಹುಡುಕುವುದು. ಒಂದು ಸಲ ಸಮವಾದರೆ ಸಾಲದು.

ಸಂಖ್ಯೆ ಹಾಕಿ ಪರೀಕ್ಷಿಸುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಆದರೆ ಈಗ 0, 1, 2 ಬೇಡ ಎನ್ನುತ್ತೇನೆ. ಇವು ಮೋಸ ಮಾಡುವ ಸಂಖ್ಯೆಗಳು. ಕ + ಕ ಮತ್ತು ಕ × ಕ ಎರಡೂ ಒಂದೇ ಎನ್ನುವ ಮಗು 2 ಹಾಕಿ ನೋಡಿದರೆ ಎರಡೂ ಕಡೆ 4 ಬರುತ್ತದೆ. 0 ಹಾಕಿದರೂ ಸಮ. ಕ ಮತ್ತು ಕ² ಒಂದೇ ಎನ್ನುವವರಿಗೆ 0, 1 ಎರಡೂ ಹೌದು ಎನ್ನುತ್ತವೆ. ಕ + ಕ ಮತ್ತು ಕ × ಕ ಎರಡಕ್ಕೂ 7 ಹಾಕಿ ನೋಡಿ. ಒಂದು ಕಡೆ 14, ಇನ್ನೊಂದು ಕಡೆ 49. ತಪ್ಪು ತಕ್ಷಣ ಮುಖಕ್ಕೆ ಹೊಡೆದ ಹಾಗೆ ಕಾಣುತ್ತದೆ. ಒಂದು ಸಂಖ್ಯೆಗೆ ಸರಿ ಬಾರದಿದ್ದರೆ ಎರಡೂ ಬೇರೆ ಎಂದು ಖಚಿತವಾಯಿತು. ಆದರೆ ಒಂದು ಸಂಖ್ಯೆಗೆ ಸರಿ ಬಂದರೆ ಅದರಿಂದ ಏನೂ ಖಚಿತವಾಗುವುದಿಲ್ಲ.

8ಕ ಎಂದು ಬರೆಯುವ ಆಸೆ ಎಲ್ಲಿಂದ ಬರುತ್ತದೆ ಎಂದೂ ಯೋಚಿಸಿದ್ದೇನೆ. ಐದಾರು ವರ್ಷ ಮಕ್ಕಳು ಕಲಿತದ್ದು ಅಂಕಗಣಿತ. ಅಲ್ಲಿ ನಡುವೆ + ಉಳಿದಿದ್ದರೆ ಲೆಕ್ಕ ಮುಗಿದಿಲ್ಲ ಎಂದರ್ಥ. ಇಲ್ಲಿ 3ಕ + 5 ಎಂಬುದೇ ಪೂರ್ತಿ ಉತ್ತರವಾಗಿರಬಹುದು. ‘ಇದೂ ಉತ್ತರವೇ, ಹೀಗೇ ಬಿಡಬಹುದು’ ಎಂದು ನಾವು ಬಾಯಿಬಿಟ್ಟು ಅನುಮತಿ ಕೊಡಬೇಕು. ಕೊಟ್ಟರೆ ಎಷ್ಟೋ ಮಕ್ಕಳಿಗೆ ಹಾಯೆನಿಸುತ್ತದೆ.

ಸಮ ಚಿಹ್ನೆಯ ಕಥೆಯೂ ಇದೇ ಬಗೆಯದು. ಹೊಸ ತರಗತಿಗೆ ಹೋದ ಮೊದಲ ದಿನ ನಾನು ಬೀಜಗಣಿತದ ಹೆಸರೇ ಎತ್ತುವುದಿಲ್ಲ. 7 + 6 = □ + 4 ಎಂದು ಬರೆದು, ಖಾಲಿ ಮನೆ ತುಂಬಿ ಎನ್ನುತ್ತೇನೆ. ಬಹಳಷ್ಟು ಮಕ್ಕಳು 13 ಬರೆಯುತ್ತಾರೆ. ಕೆಲವರು 17. ಸಮ ಚಿಹ್ನೆ ಅಂದರೆ ಅವರಿಗೆ ‘ಇಲ್ಲಿ ಉತ್ತರ ಬರೆ’ ಎಂಬ ಗಂಟೆ. ಅದೇ ಮಕ್ಕಳು 5 + 3 = 8 × 2 = 16 ಎಂದು ಒಂದೇ ಸಾಲಿನಲ್ಲಿ ಬರೆಯುತ್ತಾರೆ. 5 + 3 ಎಲ್ಲಿ, 16 ಎಲ್ಲಿ? ಆ ಖಾಲಿ ಮನೆಗೆ 9 ಎಂಬ ಉತ್ತರ ಇಡೀ ತರಗತಿಗೆ ಒಪ್ಪಿಗೆಯಾಗುವವರೆಗೆ ನಾನು ಸಮೀಕರಣಕ್ಕೆ ಕೈಹಾಕುವುದಿಲ್ಲ. 1557ರಲ್ಲಿ ವೇಲ್ಸಿನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ತಂದಾಗ ಎರಡು ಸಮಾನಾಂತರ ಗೆರೆಗಳನ್ನು ಆರಿಸಿಕೊಂಡದ್ದೇ, ಅವಕ್ಕಿಂತ ಹೆಚ್ಚು ಸಮವಾದ ಎರಡು ವಸ್ತುಗಳಿಲ್ಲ ಎಂಬ ಕಾರಣಕ್ಕೆ. ಎಡಗಡೆ ಎಷ್ಟೋ ಬಲಗಡೆಯೂ ಅಷ್ಟೇ. ಎಡದಿಂದ ಬಲಕ್ಕೆ ಓದಿದರೂ ನಿಜ, ಬಲದಿಂದ ಎಡಕ್ಕೆ ಓದಿದರೂ ನಿಜ.

ಇದು ಗಟ್ಟಿಯಾಗದಿದ್ದರೆ ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬ ಮಂತ್ರ ಮಾತ್ರ ಉಳಿಯುತ್ತದೆ. ನಾನೂ ಈ ಮಂತ್ರವನ್ನು ವರ್ಷಗಟ್ಟಲೆ ಹೇಳಿಕೊಟ್ಟೆ. 3ಕ = 12 ಎಂದಾಗ ಮಕ್ಕಳು 3ನ್ನು ಆ ಕಡೆ ಕಳಿಸಿ ಕ = 12 − 3 ಎಂದು ಬರೆದರು. ಇನ್ನು ಕೆಲವರು 12ನ್ನು −3ರಿಂದ ಭಾಗಿಸಿದರು. ಮಂತ್ರದ ಪ್ರಕಾರ ಚಿಹ್ನೆ ಬದಲಾಗಬೇಕಲ್ಲ! ಈಗ ಯಾವುದೂ ಆ ಕಡೆ ಹೋಗುವುದಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡುತ್ತೇವೆ. ಎರಡೂ ಕಡೆಯನ್ನು 3ರಿಂದ ಭಾಗಿಸುತ್ತೇವೆ. ಪ್ರತಿ ಸಾಲಿನ ಪಕ್ಕ ಏನು ಮಾಡಿದೆವು ಎಂದು ಬರೆಯುತ್ತೇವೆ. ನಿಧಾನ ಎಂದು ದೂರು ಬರುತ್ತದೆ. ನಿಧಾನವೇ ಸರಿ. 820ರ ಸುಮಾರಿಗೆ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬಳಸಿದ ‘ಅಲ್ ಜಬ್ರ್’ ಎಂಬ ಮಾತಿಗೂ ಇದೇ ಅರ್ಥ. ಒಂದು ಕಡೆ ಕಳೆದಿದ್ದನ್ನು ಎರಡೂ ಕಡೆ ಕೂಡಿಸಿ ಸರಿಮಾಡುವುದು. ಆಲ್ಜೀಬ್ರಾ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಮಾತಿನ ಲೆಕ್ಕಗಳಲ್ಲಿ ಕನ್ನಡ ನಮಗೆ ಮಾಡುವ ಉಪಕಾರವನ್ನು ನಾನು ತಡವಾಗಿ ಗಮನಿಸಿದೆ. ‘ಒಂದು ಸಂಖ್ಯೆಗಿಂತ 5 ಕಡಿಮೆ’ ಎಂದರೆ ಮೊದಲು ಸಂಖ್ಯೆ, ಆಮೇಲೆ 5, ಕೊನೆಗೆ ಕಡಿಮೆ. ಅದೇ ಸಾಲಿನಲ್ಲಿ ಬರೆದರೆ ಕ − 5. ಇಂಗ್ಲಿಷಿನಲ್ಲಿ 5 ಮೊದಲು ಬರುತ್ತದೆ, ಹಾಗಾಗಿ ಅಲ್ಲಿ ಕಲಿಯುವ ಮಕ್ಕಳು 5 − ಕ ಎಂದು ತಿರುಗಿಸಿ ಬರೆದುಬಿಡುತ್ತಾರೆ. ನಮ್ಮ ವಾಕ್ಯದಲ್ಲಿ ಕೆಲಸಗಳು ನಡೆಯುವ ಕ್ರಮದಲ್ಲೇ ಬರುತ್ತವೆ. ‘ಒಂದು ಸಂಖ್ಯೆಯನ್ನು ಎರಡರಿಂದ ಗುಣಿಸಿ 3 ಕೂಡಿಸಿದರೆ’ ಎಂದರೆ 2ಕ + 3. ‘ಒಂದು ಸಂಖ್ಯೆಗೆ 3 ಕೂಡಿಸಿ ಎರಡರಿಂದ ಗುಣಿಸಿದರೆ’ ಎಂದರೆ 2(ಕ + 3). ಗುಣಿಸಿ, ಕೂಡಿಸಿ ಎಂಬ ಆ ಪುಟ್ಟ ‘ಸಿ’ಯಲ್ಲೇ ಆವರಣ ಬೇಕೋ ಬೇಡವೋ ಎಂಬ ಉತ್ತರ ಇದೆ. ಮೊದಲು ಕೂಡಿಸಿದ್ದರೆ ಅದನ್ನು ಆವರಣದೊಳಗೆ ಕಟ್ಟಿಡಬೇಕು. ಕಟ್ಟಿಡದಿದ್ದರೆ 2 ಬರೀ ಕವನ್ನು ಗುಣಿಸುತ್ತದೆ, 3 ಹೊರಗುಳಿಯುತ್ತದೆ.

ಇದನ್ನು ತಿರುಗಿಸಿಯೂ ಮಾಡಿಸುತ್ತೇನೆ. ಬೋರ್ಡಿನ ಮೇಲೆ (3ಕ)² ಮತ್ತು 3ಕ² ಬರೆದು, ಎರಡನ್ನೂ ಕನ್ನಡ ವಾಕ್ಯದಲ್ಲಿ ಓದಿ ಎನ್ನುತ್ತೇನೆ. ಮೊದಲನೆಯದು, ಸಂಖ್ಯೆಯನ್ನು 3ರಿಂದ ಗುಣಿಸಿ ವರ್ಗ ಮಾಡಿದ್ದು. ಎರಡನೆಯದು, ಸಂಖ್ಯೆಯನ್ನು ವರ್ಗ ಮಾಡಿ 3ರಿಂದ ಗುಣಿಸಿದ್ದು. ಕ = 5 ಆದರೆ ಒಂದು 225, ಇನ್ನೊಂದು 75. ಓದಲು ಬಂದವರಿಗೆ ಘಾತಾಂಕ, ಅಂದರೆ ಮೇಲಿನ ಆ ಪುಟ್ಟ 2, ಯಾರ ತಲೆಯ ಮೇಲೆ ಕೂತಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಈಗ ನನ್ನ ಪರೀಕ್ಷೆಗಳಲ್ಲಿ ‘ಚರಾಕ್ಷರ ಎಂದರೇನು’ ಎಂಬ ಪ್ರಶ್ನೆ ಇಲ್ಲ. ‘ಇದನ್ನು ನಿಮ್ಮ ಮಾತಿನಲ್ಲಿ ಓದಿ ಬರೆಯಿರಿ’ ಎಂಬುದಿದೆ.

ಮೊನ್ನೆ ಕ + ಚ = 10 ಎಂದು ಬರೆದು, ಸೊನ್ನೆಗಿಂತ ದೊಡ್ಡ ಪೂರ್ಣಾಂಕಗಳಲ್ಲಿ ಎಷ್ಟು ಜೋಡಿ ಸಿಗುತ್ತವೆ ಎಂದು ಕೇಳಿದೆ. 1 ಮತ್ತು 9, 2 ಮತ್ತು 8, ಹೀಗೆ ಬೋರ್ಡು ತುಂಬಿತು. 4 ಮತ್ತು 6 ಆದ ಮೇಲೆ ನೇರ 6 ಮತ್ತು 4ಕ್ಕೆ ಹಾರಿದರು. ಒಟ್ಟು 8 ಜೋಡಿ ಎಂದರು. ನಾನು ಬಾಯಿಬಿಡದೆ ಕಾಯ್ದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ‘ಟೀಚರ್, ಬೇರೆ ಬೇರೆ ಅಕ್ಷರ ಆದರೂ ಸಂಖ್ಯೆ ಒಂದೇ ಇರಬಹುದಾ?’

ಇರಬಹುದಾ ಎಂದು ತರಗತಿಯನ್ನೇ ಕೇಳಿದೆ. ಗಂಟೆ ಹೊಡೆಯಿತು. ಅವರು ಇನ್ನೂ ವಾದ ಮಾಡುತ್ತಲೇ ಹೊರಗೆ ಹೋದರು.